ಸಿಟ್ಟಿಗೆ ಪಡೆದ ಹೆಸರು

ಗುರುತಿನ ಕಾರ್ಡು ಮಾಡಿಕೊಡುವವರು ಬರುತ್ತಾರೆಂಬ ಸುದ್ದಿ ಲಾಂಗ್ ಪೆರಿಯುಂಗಿಗೆ ಮೂರು ವರ್ಷದಿಂದ ಬರುತ್ತಲೇ ಇತ್ತು. ಸುದ್ದಿಯಾದರೆ ಕಾಡಿನ ದಾರಿಯಲ್ಲೂ ನಡೆದುಕೊಂಡು ಬಂದುಬಿಡುತ್ತದೆ. ಸರ್ಕಾರದವರಿಗೆ ರಸ್ತೆ ಬೇಕು, ಜೀಪು ಬೇಕು, ಒಣಗಿದ ನೆಲ ಬೇಕು. ಕೊನೆಗೂ ಬಂದ ದಿನ ಎಂಟು ಗಂಟೆಗೆ ಬರಬೇಕಾದವರು ಹನ್ನೊಂದಕ್ಕೆ ಬಂದರು. ಬಂದವರೇ, ಮೂರು ಗಂಟೆಗೆ ಹೊರಟುಬಿಡುತ್ತೇವೆ ಎಂದರು. ಮೇಲೆ ಬೆಟ್ಟದಲ್ಲಿ ಮಳೆಯಾದರೆ ಹೊಳೆ ದಾಟುವುದಕ್ಕಾಗುವುದಿಲ್ಲವಂತೆ. ಆ ಹೊಳೆಯನ್ನು ದಾಟಿಕೊಂಡೇ ನಾವು ಹುಟ್ಟಿ ಸಾಯುತ್ತಿದ್ದೇವೆ ಎಂದು ಅವರಿಗೆ ಹೇಳಿ ಏನು ಪ್ರಯೋಜನ.

ಚರ್ಚಿನ ಜಗಲಿಯಲ್ಲಿ ಮೇಜು ಹಾಕಿ ಬೆರಳಗುರುತು ತೆಗೆಯುವ ಯಂತ್ರ, ಕ್ಯಾಮೆರಾ ಜೋಡಿಸತೊಡಗಿದರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಬಲೋ ಕೂತಿದ್ದಳು, ಪಕ್ಕದಲ್ಲಿ ಮಗಳು ಲೆನಿ. ಲೆನಿಗೆ ಹದಿನೇಳು ವರ್ಷ, ಈಗ ಏಳು ತಿಂಗಳ ಬಸುರಿ. ಕಾರ್ಡಿಲ್ಲ ಎಂದು ಅವಳನ್ನು ಆರನೇ ಕ್ಲಾಸಿಗೇ ಶಾಲೆಯಿಂದ ಮನೆಗೆ ಕಳಿಸಿದ್ದರು. ಕಾರ್ಡಿಲ್ಲ ಎಂದು ಅವಳ ಮದುವೆಯನ್ನು ಯಾವ ಪುಸ್ತಕದಲ್ಲೂ ಬರೆದುಕೊಂಡಿರಲಿಲ್ಲ. ಇನ್ನೆರಡು ತಿಂಗಳಿಗೆ ಹುಟ್ಟುವ ಕೂಸಿಗೂ ಅದೇ ಗತಿ. ತಾಯಿಯ ಮೂಗು ಮಗುವಿಗೆ ಬರುವ ಹಾಗೆ ಇದೂ ಬರುತ್ತದೆ, ಹುಟ್ಟಿದ ನೆಲದಲ್ಲೇ ಪರದೇಶಿಯಾಗಿ ಬಾಳುವ ಭಾಗ್ಯ. ಇವತ್ತು ತಪ್ಪಿದರೆ ಇವರು ಮತ್ತೆ ಯಾವ ಕಾಲಕ್ಕೆ ಬರುತ್ತಾರೋ ಗೊತ್ತಿಲ್ಲ. ಅದಕ್ಕೇ ಬಲೋ ಬೆಳಕು ಹರಿಯುವ ಮೊದಲೇ ಬಂದು ಜಾಗ ಹಿಡಿದಿದ್ದಳು.

ಬಲೋ ಎಂಬುದು ಅವಳು ಹುಟ್ಟಿದಾಗ ಇಟ್ಟ ಹೆಸರಲ್ಲ. ಕಾಡಿನ ಜನರಾದ ನಮ್ಮ ಪೆನಾನರಲ್ಲಿ ಗಂಡ ಸತ್ತವಳು ಬಲೋ. ಮನೆಯಲ್ಲೊಂದು ಸಾವಾದರೆ ಉಳಿದ ದೊಡ್ಡವರ ಹೆಸರು ಹೋಗಿ ಆ ಸಾವಿನ ಹೆಸರು ಬರುತ್ತದೆ. ಹಳೆಯ ಹೆಸರು ಹಿಡಿದು ಕರೆದರೆ ಓಗೊಡಬಾರದು. ಸತ್ತವನ ಹೆಸರನ್ನಂತೂ ಯಾರೂ ಎತ್ತುವುದಿಲ್ಲ. ಎತ್ತಿದರೆ ತನ್ನನ್ನೇ ಕರೆದರೆಂದು ಅವನು ತಿರುಗಿ ಬರುತ್ತಾನೆ. ಭಾನುವಾರ ಚರ್ಚಿನಲ್ಲಿ ಗಂಟಲು ಹರಿಯುವಂತೆ ಹಾಡುವ ನಾವು ಇದೊಂದರಲ್ಲಿ ಅಜ್ಜಂದಿರ ಮಾತು ಮೀರಿಲ್ಲ. ಹಾಗಾಗಿ ಅಕ್ಷರ ಬಲ್ಲ ಲೆನಿಗೆ ತನ್ನ ಅಪ್ಪನ ಹೆಸರೇ ಗೊತ್ತಿರಲಿಲ್ಲ. ಅಪ್ಪ ಹೋದಾಗ ಅವಳಿಗೆ ಐದು ವರ್ಷ; ಐದು ವರ್ಷದ ಮಗುವಿಗೆ ಅಪ್ಪ ಎಂದರೆ ಅಪ್ಪ, ಅಷ್ಟೇ.

ಬಲೋ ಆ ಹೆಸರನ್ನು ಪಡೆದದ್ದು ಮಾತ್ರ ಎಲ್ಲರಂತಲ್ಲ. ಹನ್ನೆರಡು ವರ್ಷದ ಹಿಂದೆ ಮರ ಕಡಿಯುವ ಕಂಪನಿಯ ರಸ್ತೆಗೆ ನಮ್ಮವರು ಮರದ ಗಳು ಅಡ್ಡ ಕಟ್ಟಿ ಕೂತಿದ್ದರು. ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ. ಆ ಬಿಸಿಯಲ್ಲೇ ಅವಳ ಗಂಡ ಒಂದು ದಿನ, "ಹೀಗೆ ಕೂತ್ರೆ ಹೊಟ್ಟೆ ತುಂಬಲ್ಲ, ಕ್ಯಾಂಪಲ್ಲಿ ನಾಲ್ಕು ದಿನ ಕೆಲಸ ಮಾಡಿ ಬರ್ತೀನಿ" ಎಂದ. ಯಾವ ಕ್ಯಾಂಪಿನ ಲಾರಿಗೆ ತಾನು ಎದೆಯೊಡ್ಡಿ ಕೂತಿದ್ದಳೋ ಅದೇ ಕ್ಯಾಂಪು. "ಹೋದ್ರೆ ಹಾಗೇ ಹೋಗು, ಈ ಕಡೆ ಮುಖ ಹಾಕ್ಬೇಡ" ಎಂದಳು. ಅವನು ಹೋದ. ತಿಂಗಳಾಯಿತು, ನಾಲ್ಕು ತಿಂಗಳಾಯಿತು, ಬರಲಿಲ್ಲ.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಪಕ್ಕದ ಮನೆಯ ಇಸೆಟಳ ನಾಲಿಗೆಗೆ ಮೂಳೆಯಿಲ್ಲ. "ಕ್ಯಾಂಪಿನ ಕ್ಯಾಂಟೀನಲ್ಲಿ ಬೆಳ್ಳಗಿರೋಳು ಒಬ್ಬಳು ಬಂದಿದಾಳಂತೆ ಕಣೇ. ಅನ್ನದ ಜೊತೆ ಮೀನು ಹುರಿದು ಹಾಕ್ತಾಳಂತೆ. ನೀನು ದಿನಾ ಸಾಗು ಅಂಟು ಕಲಸಿ ಇಟ್ರೆ ಯಾವ ಗಂಡಸು ತಾನೇ ನಿಲ್ತಾನೆ" ಎಂದಳು. ಹೊಳೆಯ ದಡದಲ್ಲಿ ಸಾಗು ಮರದ ತಿರುಳು ತುಳಿದು ಹಿಟ್ಟು ತೆಗೆಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಅವತ್ತೇ ಸಂಜೆ ಬಲೋ ಊರ ಹಿರಿಯ ಲಜೆಂಗ್ ಅಜ್ಜನ ಬಾಗಿಲಿಗೆ ಹೋದಳು.

"ನಂಗೆ ಬಲೋ ಅಂತ ಹೆಸರು ಕೊಡು ಅಜ್ಜ."

"ಹೆಣ ಎಲ್ಲಮ್ಮ?"

"ನನ್ನ ಪಾಲಿಗೆ ಸತ್ತ. ಅಷ್ಟು ಸಾಲ್ದಾ?"

"ಹಾಗೆಲ್ಲ ಕೊಡೋಕೆ ಬರಲ್ಲ ಮಗಳೇ. ಯಾರನ್ನಾದ್ರೂ ಕ್ಯಾಂಪಿಗೆ ಕಳಿಸೋಣ, ನೋಡ್ಕೊಂಡು ಬರ್ಲಿ."

"ಯಾರೂ ಹೋಗ್ಬಾರ್ದು. ಹೋಗಿ ಕರೆದ್ರೆ ನಾನೇ ಬೇಡ್ಕೊಂಡೆ ಅಂತಾಗುತ್ತೆ."

ಮೂರು ದಿನ ಊಟ ಬಿಟ್ಟು ಅವನ ಬಾಗಿಲಲ್ಲೇ ಕೂತಳು. ಹಸಿದು ಕೂತವರ ಎದುರು ನಮ್ಮವರಿಗೆ ತುತ್ತು ಇಳಿಯುವುದಿಲ್ಲ. ನಾಲ್ಕನೆಯ ದಿನ ಲಜೆಂಗ್ ಸೋತು ಹೆಸರು ಕೊಟ್ಟ. ಆಮೇಲೆ ಹುಡುಕುವ ಮಾತೇ ಇಲ್ಲ. ಸತ್ತವನನ್ನು ಯಾರು ಹುಡುಕುತ್ತಾರೆ? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಬಲೋಗೆ ಆ ಶಾಂತಿ ಕೂಡ ಬರಲಿಲ್ಲ. ಹನ್ನೆರಡು ವರ್ಷ ಹೊರಗೆ ವಿಧವೆ, ಒಳಗೆ ಬದುಕಿರುವ ಗಂಡನಿಗೆ ದಿನವೂ ಶಾಪ ಹಾಕುವ ಹೆಂಡತಿ. ಅವನು ಎಲ್ಲೋ ಪೇಟೆಯಲ್ಲಿ ಮೀನು ಅನ್ನ ತಿಂದು ದಪ್ಪಗಾಗಿದ್ದಾನೆ ಎಂದೇ ಅವಳು ನಂಬಿದ್ದಳು.

ಇತ್ತ ಅಧಿಕಾರಿಗಳು ಯಂತ್ರದ ವೈರು ಬಿಡಿಸುತ್ತಿದ್ದಾಗ ಜೀಪಿನ ನೆರಳಲ್ಲಿ ಅವರ ಡ್ರೈವರು ಒಬ್ಬನೇ ಕೂತಿದ್ದ. ಕೆಳಗಿನ ಹೊಳೆಸೀಮೆಯ ಇಬಾನ್ ಜನದ ಮುದುಕ, ಹೆಸರು ಸಂಗಾವ್. ಯಾವಾಗಲೂ ಬರುವ ಡ್ರೈವರಿಗೆ ಜ್ವರ ಬಂದು, ಹಿಂದಿನ ದಿನ ಸಂಜೆ ಇವನನ್ನು ಹಿಡಿದು ತಂದಿದ್ದರಂತೆ. ಸಾಲಿನಲ್ಲಿದ್ದವರೆಲ್ಲ ತಂದ ಬುತ್ತಿ ಬಿಚ್ಚಿದ್ದರು, ಅವನ ಮುಂದೆ ಏನೂ ಇರಲಿಲ್ಲ. ಬಲೋ ಎದ್ದು ಹೋಗಿ ಒಂದು ಬಟ್ಟಲು ಸಾಗು ಅಂಟು, ಸ್ವಲ್ಪ ಹಂದಿ ಮಾಂಸ ಅವನ ಮುಂದಿಟ್ಟಳು.

"ತಗೊಳ್ಳಣ್ಣ. ನೀನು ಬಾಯಿ ಒಣಗಿಸ್ಕೊಂಡು ಕೂತ್ರೆ ನಮಗೆ ಇಳಿಯಲ್ಲ."

ಅವನು ಕವಲುಕಡ್ಡಿ ತೆಗೆದುಕೊಂಡು ಅಂಟನ್ನು ಒಂದೇ ಸುತ್ತಿಗೆ ಸುತ್ತಿ ಬಾಯಿಗಿಟ್ಟ. ಬಲೋಗೆ ನಗು ಬಂತು. "ಪೇಟೆಯೋರು ಇದನ್ನ ಗೋಡೆಗೆ ಕಾಗದ ಅಂಟಿಸೋದು ಅಂತಾರೆ. ನೀನು ನಮ್ಮೋರ ಥರಾನೇ ಸುತ್ತುತೀಯಲ್ಲ."

"ಕಲಿಸಿದೋನು ನಿಮ್ಮೋನೇ ತಂಗಿ. ಹಿಂದೆ ನಾನು ಮರದ ಲಾರಿ ಓಡಿಸ್ತಿದ್ದೆ."

ಅವಳು ಮುಖ ಸಿಂಡರಿಸಿದಳು. "ಆ ಮಾತು ಇಲ್ಲಿ ಗಟ್ಟಿಯಾಗಿ ಆಡ್ಬೇಡ. ತಿಂದು ಬಟ್ಟಲು ಅಲ್ಲೇ ಇಡು" ಎಂದು ಬಂದುಬಿಟ್ಟಳು.

ಮೇಜಿನ ಹಿಂದೆ ಕೂತ ಅಧಿಕಾರಿ ಹಸ್ನಾ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಒಳ್ಳೆಯವಳೇ, ಆದರೆ ಕಣ್ಣೆಲ್ಲ ಗಡಿಯಾರದ ಮೇಲೆ.

"ಮಗಳು ಲೆನಿ. ಸರಿ. ತಾಯಿ ಹೆಸರು?"

"ಬಲೋ."

"ನಮ್ಮ ಪಟ್ಟೀಲಿ ಈ ಊರಲ್ಲಿ ಆರು ಜನ ಬಲೋ ಇದಾರಮ್ಮ. ನಿಮ್ಮ ಸ್ವಂತ ಹೆಸರು ಹೇಳಿ."

ಬಲೋ ಲಜೆಂಗ್ ಅಜ್ಜನ ಕಡೆ ನೋಡಿದಳು. ಮುದುಕ ಕಂಬದ ಕಡೆ ಮುಖ ತಿರುಗಿಸಿಕೊಂಡ. ಕೇಳಿಸಿಕೊಳ್ಳುವುದಿಲ್ಲ, ಹೇಳಿಕೋ ಎಂದು ಅದರ ಅರ್ಥ. ಅವಳು ಮೇಜಿನ ಮೇಲೆ ಬಾಗಿ, "ಉಬುಂಗ್" ಎಂದಳು. ಹನ್ನೆರಡು ವರ್ಷ ಬಾಯಿಗೆ ಬಾರದ ಹೆಸರು, ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಹಿಂದೆ ನಿಂತಿದ್ದ ಇಸೆಟ್ ಲೊಚಗುಟ್ಟಿದಳು.

"ತಂದೆ ಹೆಸರು?"

ಹಸ್ನಾ ಪೆನ್ನು ಹಿಡಿದು ಕಾದಳು. "ನೋಡೀಮ್ಮ, ಗೊತ್ತಿಲ್ಲ ಅಂತ ಬರೆದ್ರೆ ಈ ದೇಶದೋರಿಗೆ ಕೊಡೋ ನೀಲಿ ಕಾರ್ಡು ಬರಲ್ಲ. ಐದೈದು ವರ್ಷಕ್ಕೆ ಒಂದು ಚೀಟಿ ಕೊಡ್ತಾರೆ, ಹುಟ್ಟೋ ಮಗೂಗೂ ಅದೇ. ತಂದೆ ಬದುಕಿದ್ರೆ ಅವರೇ ಬರ್ಬೇಕು. ತೀರಿಕೊಂಡಿದ್ರೆ, ಕಣ್ಣಾರೆ ಕಂಡವರು ಒಬ್ಬರು ಸಹಿ ಮಾಡ್ಬೇಕು. ಯಾವುದು ಹೇಳಿ. ಇದಾರೋ, ಇಲ್ಲವೋ?"

ಎರಡರಲ್ಲಿ ಯಾವುದನ್ನು ಹೇಳಬೇಕು? ಸತ್ತ ಎಂದರೆ ಕಂಡವರಿಲ್ಲ. ಬದುಕಿದ್ದಾನೆ ಎಂದರೆ ಹನ್ನೆರಡು ವರ್ಷ ಹೊತ್ತ ಹೆಸರು ಸುಳ್ಳು, ಊರೆಲ್ಲ ಕ್ಯಾಕರಿಸಿ ಉಗಿಯುತ್ತದೆ. ಇಸೆಟ್ ಹಿಂದಿನಿಂದ, "ಹೇಳೇ, ಸತ್ತನೋ ಓಡಿಹೋದನೋ. ನಾವೂ ಕೇಳ್ಬೇಕು ಕೇಳ್ಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದೀವಿ" ಎಂದಳು. ಒಂದಿಬ್ಬರು ನಕ್ಕರು.

ಲೆನಿ ತಾಯಿಯ ತೊಡೆಯ ಮೇಲೆ ಕೈಯಿಟ್ಟಳು. "ಹೆಸರಾದ್ರೂ ಹೇಳಮ್ಮ. ನಂಗಲ್ಲ, ಇದಕ್ಕೆ" ಎಂದು ಹೊಟ್ಟೆ ಮುಟ್ಟಿ ತೋರಿಸಿದಳು. ಬಲೋ ಬಾಯಿ ತೆರೆದಳು, ಮುಚ್ಚಿದಳು.

ಸಂಗಾವ್ ಬಟ್ಟಲು ಹಿಡಿದುಕೊಂಡು ಜಗಲಿಯ ಮೆಟ್ಟಿಲ ತನಕ ಬಂದಿದ್ದ.

"ಮೇಡಂ, ಈಗ ಉಬುಂಗ್ ಅಂದ್ರಾ?" ಎಂದ. ಆಮೇಲೆ ಬಲೋಳ ಮುಖವನ್ನೇ ನೋಡುತ್ತ, "ಬಿಲೊಂಗ್ ಹೆಂಡ್ತಿ ಉಬುಂಗಾ?" ಎಂದ.

ಬಿಲೊಂಗ್. ನಮ್ಮ ಊರಿನಲ್ಲಿ ಹನ್ನೆರಡು ವರ್ಷದಿಂದ ಯಾರೂ ಆಡದ ಹೆಸರನ್ನು ದಾರಿಹೋಕನೊಬ್ಬ ಹಾಡುಹಗಲಲ್ಲಿ ಚರ್ಚಿನ ಜಗಲಿಯ ಮೇಲೆ ಆಡಿಬಿಟ್ಟ. ಕೂಸುಗಳನ್ನು ಎತ್ತಿಕೊಂಡಿದ್ದವರು ಹಿಂದೆ ಸರಿದರು. ಲಜೆಂಗ್ ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ ಮತ್ತೆ ಕೂತ. ಲೆನಿ ಮಾತ್ರ ಆ ಹೆಸರನ್ನು ತುಟಿಯಲ್ಲೇ ಒಮ್ಮೆ ಅಂದುಕೊಂಡಳು.

"ಅವನನ್ನ ನೋಡಿದ್ಯಾ?" ಬಲೋ ಕೇಳಿದಳು.

"ನೋಡಿದ್ದೇನು, ಹೂತಿದ್ದೇ ನಾನು ತಂಗಿ."

ಹಸ್ನಾ ಅವನಿಗೊಂದು ಕುರ್ಚಿ ಹಾಕಿಸಿದಳು. "ಸಾಕ್ಷಿ ಸಿಕ್ಕಿದ್ರಲ್ಲ, ಒಳ್ಳೇದೇ ಆಯ್ತು" ಎಂದು ಬೇರೊಂದು ಅರ್ಜಿ ತೆಗೆದಳು. ಅವಳ ಮಟ್ಟಿಗೆ ಕೆಲಸ ಸಲೀಸಾಗಿತ್ತು.

ಸಂಗಾವ್ ಹೇಳಿದ. ಕೆಲಸಕ್ಕೆ ಸೇರಿದ ವಾರದೊಳಗೇ ದಿಮ್ಮಿ ಉರುಳಿ ಬಿಲೊಂಗನ ಸೊಂಟ ಮುರಿದಿತ್ತು. "ಆಸ್ಪತ್ರೆಗೆ ಹಾಕಿ ಅಂದ್ರೆ, ಕಾರ್ಡಿಲ್ಲದೋನನ್ನ ಕರ್ಕೊಂಡು ಹೋದ್ರೆ ಕೇಸು ನಮ್ಮ ಮೇಲೇ ಬರುತ್ತೆ ಅಂದ ಮೇಸ್ತ್ರಿ. ಡೀಸೆಲ್ ಡ್ರಮ್ಮಿನ ಹಿಂದೆ ಒಂದು ಶೆಡ್ಡಲ್ಲಿ ಮಲಗಿಸಿದ್ರು. ನಾನು ಹೋದಾಗೆಲ್ಲ ಸಾಗು ತಂದು ಕೊಡ್ತಿದ್ದೆ, ಅನ್ನ ಅವನಿಗೆ ಸೇರ್ತಿರ್ಲಿಲ್ಲ. ಸುತ್ತೋದು ಕಲಿಸಿದ್ದು ಅವನೇ. ಬಾಯಿ ತೆಗೆದ್ರೆ ನಿನ್ನ ಮಾತೇ. ಉಬುಂಗಿಗೆ ಸಿಟ್ಟು ಬಂದಿದೆ, ಇಳಿದ ಮೇಲೆ ಬಂದೇ ಬರ್ತಾಳೆ, ನಡಿಗೇಲಿ ನನಗಿಂತ ಜೋರು ಅಂತಿದ್ದ."

ಬಲೋಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಡುವುದೇಕೆ, ಅವಳಿಗೆ ಸಂತೋಷವೇ ಆಯಿತು. ಓಡಿಹೋಗಿರಲಿಲ್ಲ. ಬೆಳ್ಳಗಿರುವವಳು ಇರಲಿಲ್ಲ, ಮೀನೂ ಇರಲಿಲ್ಲ. ಅವಳು ತಿರುಗಿ ಇಸೆಟಳ ಮುಖ ನೋಡಿದಳು. ಇಸೆಟ್ ತಲೆ ತಗ್ಗಿಸಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಲೋ ತಲೆಯೆತ್ತಿ ಕೂತಳು. ಕಣ್ಣಲ್ಲಿ ನೀರು ಬಂದದ್ದು ಆಮೇಲೆ.

"ನಂಗೊಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ ಅಣ್ಣ" ಎಂದಳು.

"ನಾನೇ ಬಂದಿದ್ದೆನಲ್ಲ" ಎಂದ ಸಂಗಾವ್.

ಅವಳು ಅವನನ್ನೇ ನೋಡಿದಳು.

"ಹಣ್ಣಿನ ಕಾಲ ಅದು. ಐದು ತಿಂಗಳಾಗಿತ್ತು ಅವನು ಮಲಗಿ. ಲಾರಿಯೋನನ್ನ ಕಂಡ್ರೆ ನೀವು ಹೊಡೀತೀರಿ ಅಂತ ಭಯ, ಲಾರಿ ಬಿಟ್ಟು ನಡ್ಕೊಂಡು ಬಂದೆ. ಆ ಹೊಳೆ ಹತ್ರ ಒಬ್ಬ ಹೆಂಗಸು ಚಾಪೆ ಮೇಲೆ ಸಾಗು ತುಳೀತಿದ್ಲು, ಜೊತೇಲಿ ಚಿಕ್ಕ ಹುಡುಗಿ. ಬಿಲೊಂಗ್ ಹೆಂಡ್ತಿ ಉಬುಂಗ್ ಎಲ್ಲಿ ಸಿಗ್ತಾಳೆ ಅಂತ ಕೇಳ್ದೆ. ಕೇಳಿದ ತಕ್ಷಣ ಆ ಹುಡುಗೀದು ಎರಡೂ ಕಿವಿ ಮುಚ್ಚಿಬಿಟ್ಲು. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂದ್ಲು. ಇನ್ನೊಂದು ಸಲ ಕೇಳ್ದೆ. ಇಲ್ಲ ಅಂದ್ಮೇಲೆ ಇಲ್ಲ, ಹೋಗು ಅಂದ್ಲು. ನಾನೂ ಹೆದರಿದ್ದೆ, ಬೇರೆಯೋರನ್ನ ಕೇಳ್ಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ."

"ಹೋಗಿ ಅವನಿಗೆ ಏನಂದೆ?" ಲಜೆಂಗ್ ಕೇಳಿದ.

"ಇದ್ದದ್ದೇ ಹೇಳ್ದೆ ಅಜ್ಜ. ಆ ಹೆಸರಿನೋಳು ಅಲ್ಲಿ ಇಲ್ವಂತೆ ಅಂದೆ. ಓ, ಹಾಗಾದ್ರೆ ನಾನು ಸತ್ತಾಗಿದೆ ಅಂದ. ನಂಗೆ ಅರ್ಥ ಆಗ್ಲಿಲ್ಲ. ನೀನು ಬದುಕೇ ಇದೀಯಲ್ಲೋ ಅಂತ ಬೈದೆ. ಅವತ್ತಿಂದ ಸಾಗು ಕೊಟ್ರೆ ಬಾಯಿ ತೆಗೀಲಿಲ್ಲ. ಕೊನೆಗೆ ನೀರೂ ಬಿಟ್ಟ. ಸತ್ತೋರು ತಿನ್ನಲ್ಲ ಅಣ್ಣ ಅಂತ ಒಂದು ಸಲ ಅಂದ, ಅಷ್ಟೇ. ಹನ್ನೊಂದು ದಿನ ಇದ್ದ."

ಸಂಗಾವನಿಗೆ ಅರ್ಥವಾಗದಿದ್ದದ್ದು ಜಗಲಿಯ ಮೇಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಯಿತು. ಹೆಂಡತಿಯ ಹೆಸರು ಊರಲ್ಲಿಲ್ಲ ಎಂದರೆ ತನ್ನನ್ನು ಸತ್ತವನೆಂದು ಎಣಿಸಿ ಮುಗಿಸಿದ್ದಾರೆ ಎಂದು ಯಾವ ಪೆನಾನನಿಗಾದರೂ ಗೊತ್ತಾಗುತ್ತದೆ. ಸತ್ತವನು ತಿರುಗಿ ಬಂದರೆ ಊರಿಗೆ ಕೇಡು, ಹೆಂಡತಿ ಮಗುವಿಗೆ ಕೇಡು. ಅದೂ ಅವನಿಗೆ ಗೊತ್ತಿತ್ತು.

"ಆ ಹೆಂಗಸು ಯಾರು ಅಂತ ನಿಮಗೇನಾದ್ರೂ ಗೊತ್ತಾಗುತ್ತಾ?" ಸಂಗಾವ್ ಕೇಳಿದ. "ಎಷ್ಟು ವರ್ಷ ನಾನು ಅವಳಿಗೆ ಶಾಪ ಹಾಕಿದೀನಿ."

ಇಸೆಟ್ ಕೂಡ ಬಾಯಿ ಬಿಡಲಿಲ್ಲ. ಕೊನೆಗೆ ಲಜೆಂಗ್ ಅಜ್ಜ ಗಂಟಲು ಸರಿಮಾಡಿಕೊಂಡ. "ಆ ಕಾಲಕ್ಕೆ ಎಲ್ಲ ಹೆಂಗಸರೂ ಹೊಳೇಲಿ ಸಾಗು ತುಳೀತಿದ್ರಪ್ಪ. ಎಲ್ಲರ ಜೊತೇಲೂ ಮಕ್ಕಳಿರ್ತಿದ್ವು. ಯಾರನ್ನ ಕೇಳಿದ್ರೂ ಹಾಗೇ ಹೇಳ್ತಿದ್ರು. ಅದು ನಮ್ಮ ಕ್ರಮ, ಸುಳ್ಳಲ್ಲ" ಎಂದ.

ನಿಜ, ಸುಳ್ಳಲ್ಲ. ಬಲೋ ಆ ಮಾತಿನ ಮರೆಗೆ ಸರಿದು ಕೂತಿದ್ದರೆ ನಮ್ಮ ಊರಿನ ಒಬ್ಬರೂ ಅವಳ ಕಡೆ ಬೆರಳು ತೋರಿಸುತ್ತಿರಲಿಲ್ಲ. ಆದರೆ ಅವಳಿಗೆ ಹೊಳೆಯ ದಡದ ಆ ಮಧ್ಯಾಹ್ನ ನೆನಪಾಗಿತ್ತು. ಟೋಪಿ ಹಾಕಿದ ಅಪರಿಚಿತ ಗಂಡಸು, ಅವನ ಬಾಯಲ್ಲಿ ಗಂಡನ ಹೆಸರು. ಬಿಟ್ಟುಹೋದವನು ಈಗ ತನ್ನ ಬೇಟೆಯ ಊದುಕೊಳವೆಯನ್ನೋ ಬಟ್ಟೆಯನ್ನೋ ತರಿಸಿಕೊಳ್ಳಲು ಆಳು ಕಳಿಸಿದ್ದಾನೆ ಎಂದುಕೊಂಡಿದ್ದಳು. ಕ್ರಮಕ್ಕಾಗಿ ಒಂದು ಸಲ ಇಲ್ಲ ಎಂದಿದ್ದಳು. ಎರಡನೆಯ ಸಲ ಇಲ್ಲ ಎಂದದ್ದು ಸಿಟ್ಟಿಗೆ, ಅವನಿಗೆ ಮುಟ್ಟಲಿ ಎಂದೇ.

ಲೆನಿ ಮೆಲ್ಲಗೆ, ತನ್ನಷ್ಟಕ್ಕೆ ಹೇಳಿಕೊಳ್ಳುವವಳಂತೆ, "ಕೈಯೆಲ್ಲ ಹಸಿ ಸಾಗು ಇತ್ತು. ಕಿವಿಯೊಳಗೆಲ್ಲ ಹೋಗಿತ್ತು. ನಾನು ಅತ್ತಿದ್ದೆ" ಎಂದಳು.

"ನಾನೇ ಕಣಣ್ಣ ಅವಳು" ಎಂದಳು ಬಲೋ.

ಸಂಗಾವ್ ಇಷ್ಟು ಹೊತ್ತೂ ಕೈಯಲ್ಲೇ ಇದ್ದ ಸಾಗಿನ ಬಟ್ಟಲನ್ನು ನೆಲಕ್ಕಿಟ್ಟ.

"ಕ್ಯಾಂಪಿಗೆ ಎಷ್ಟು ದೂರ ಇತ್ತಜ್ಜ?" ಲೆನಿ ಲಜೆಂಗನನ್ನು ಕೇಳಿದಳು.

"ಎರಡು ದಿನದ ದಾರಿ ಮಗಳೇ."

ಲೆನಿ ತಾಯಿಯ ತೊಡೆಯ ಮೇಲಿನ ಕೈ ತೆಗೆದಳು. ಹಸ್ನಾ ಗಡಿಯಾರ ನೋಡಿ, ತಂದೆಯ ಮರಣದ ಅರ್ಜಿಯನ್ನು ಅವಳ ಮುಂದಕ್ಕೆ ತಳ್ಳಿ, ನಿಂಗೆ ಬರೆಯಕ್ಕೆ ಬರುತ್ತಲ್ಲಮ್ಮ, ತುಂಬಿಬಿಡು ಎಂದಳು. ಲೆನಿ ಅಪ್ಪನ ಹೆಸರನ್ನು ಒಂದೊಂದೇ ಅಕ್ಷರ ಜೋಡಿಸಿ ಬರೆದಳು. ಕೆಳಗಿನ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದಳು.

"ಸತ್ತ ದಿನ ಅಂತ ಇದೆ" ಎಂದಳು. ತಾಯಿಯ ಮುಖ ನೋಡಲಿಲ್ಲ. "ಯಾವತ್ತು ಅಂತ ಬರೀಲಿ? ನೀನು ಹೆಸರು ತಗೊಂಡ ದಿನಾನಾ, ಹೊಳೆ ಹತ್ರ ಇಲ್ಲ ಅಂದ ದಿನಾನಾ, ಇಲ್ಲ ಈ ಅಣ್ಣ ಹೂತ ದಿನಾನಾ?"

ಸಂಗಾವ್ ತನಗೆ ನೆನಪಿದ್ದ ತಿಂಗಳು, ತಾರೀಖು ಹೇಳಿದ, ಲೆನಿ ಬರೆದುಕೊಂಡಳು, ಅವನು ಸಾಕ್ಷಿಯ ಸಹಿ ಹಾಕಿದ. ನೀಲಿ ಕಾರ್ಡು ಆರು ವಾರದಲ್ಲಿ ಬರುತ್ತದೆ ಎಂದು ಹಸ್ನಾ ಹೇಳಿದಳು, ತಾಯಿಯ ಹೆಬ್ಬೆಟ್ಟು ಎಲ್ಲಿ ಬೀಳಬೇಕೆಂದು ತೋರಿಸಿದಳು. ಅಲ್ಲಿ ಬರೆದಿದ್ದ ಉಬುಂಗ್ ಎಂಬ ಹೆಸರನ್ನು ಓದಲು ಬಲೋಗೆ ಬರುತ್ತಿರಲಿಲ್ಲ. ತೋರಿಸಿದ ಕಡೆ ಒತ್ತಿದಳು.